ಎಲ್ಲ ಹವಳವೂ ಒಟ್ಟಿಗೆ ಮುದುಡಿದಾಗ: ಮನೆಯ ದೊಡ್ಡ ಉಪ್ಪುನೀರಿನ ಟ್ಯಾಂಕಿನಲ್ಲಿ ದೋಷ ಹುಡುಕುವ ಬಗೆ

ಬೆಳಿಗ್ಗೆ ಲೈಟ್ ಹತ್ತಿ ಎರಡು ಗಂಟೆಯಾದರೂ ಲೆದರ್ ಕೋರಲ್ ಎಂಬ ಮೆದು ಹವಳ ಅರಳಿರಲಿಲ್ಲ. ಅಣಬೆಯ ಕೊಡೆಯಂತೆ ಬಿಚ್ಚಿಕೊಂಡು, ಮೈಮೇಲೆಲ್ಲ ಸಣ್ಣ ಸಣ್ಣ ಬೆರಳು ಚಾಚಿ, ನೀರಿನ ಸೆಳೆತಕ್ಕೆ ತೂಗಾಡುತ್ತಾ ಇರಬೇಕಾದ ಜೀವ ಅದು. ಅವತ್ತು ನುಣ್ಣಗೆ ಮುದುಡಿ, ಒಣಗಿದ ಹುಣಸೆ ತೊಳೆಯ ಹಾಗೆ ಕೂತಿತ್ತು. ಪಕ್ಕದ ಕಲ್ಲಿನ ಮೇಲಿನ ಝೋವಾ ಎಂಬ ಪುಟ್ಟ ಹವಳಗಳು ಬಾಯಿ ಮುಚ್ಚಿದ್ದವು. ಕೆಳಗೆ ಮರಳಿನ ಹತ್ತಿರವಿದ್ದ ಮಶ್ರೂಮ್ ಜಾತಿಯ ಹವಳ‌ಗಳು ಅಂಗೈ ಅಗಲದಿಂದ ರೂಪಾಯಿ ನಾಣ್ಯದಷ್ಟಕ್ಕೆ ಕುಗ್ಗಿದ್ದವು. ಮೂರು ಜಾತಿ, ಮೂರು ಜಾಗ, ಒಂದೇ ದಿನ.

ಇದು ಬೆಂಗಳೂರಿನ ನಮ್ಮ ಮನೆಯ ಟ್ಯಾಂಕ್. 150 ಸೆಂಟಿಮೀಟರ್ ಉದ್ದ, 60 ಅಗಲ, 60 ಎತ್ತರ. ಕೆಳಗಿನ ಕ್ಯಾಬಿನೆಟ್ಟಿನಲ್ಲಿ ಸಂಪ್. (ಮನೆ ಮುಂದೆ ನೆಲದಡಿ ಇರುತ್ತಲ್ಲ, ಆ ಸಂಪ್ ಅಲ್ಲ. ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್, ಹೀಟರ್, ನೀರನ್ನು ಮತ್ತೆ ಮೇಲಕ್ಕೆ ಕಳಿಸುವ ರಿಟರ್ನ್ ಪಂಪ್ ಎಲ್ಲ ಕೂರುವ ಗಾಜಿನ ತೊಟ್ಟಿಗೂ ಅದೇ ಹೆಸರು.) ಕಲ್ಲು, ಮರಳು ಕಳೆದರೆ ಸಂಪೂ ಸೇರಿ ಒಟ್ಟು 600 ಲೀಟರ್ ನೀರು. ಆಗ ಟ್ಯಾಂಕಿಗೆ ಇನ್ನೂ ನಾಲ್ಕನೇ ತಿಂಗಳು.

ಇದರಲ್ಲಿ ಮೆದು ಹವಳ ಮಾತ್ರ ಇದೆ, ಕಲ್ಲು ಕೂಡ ಕೈಯಲ್ಲಿ ಮಾಡಿದ್ದು. ನಮ್ಮ ದೇಶದಲ್ಲಿ ಗಟ್ಟಿ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿ 1ರಲ್ಲಿವೆ. ಕಪ್ಪು ಹವಳ, ಬೆಂಕಿ ಹವಳ, ಸಮುದ್ರದ ಬೀಸಣಿಗೆ ಕೂಡ ಅದರಲ್ಲೇ ಬರುತ್ತವೆ. ಯಾರಾದರೂ ಸಮುದ್ರದಿಂದ ತೆಗೆದ 'ಲೈವ್ ರಾಕ್' (ಜೀವಿಗಳು ಅಂಟಿಕೊಂಡ ಕಲ್ಲು) ಕೊಡ್ತೀನಿ ಅಂದರೆ ದಯವಿಟ್ಟು ಬೇಡ ಅನ್ನಿ. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿಯ ನೀರಿಗಿಳಿದು ಒಮ್ಮೆ ಹವಳ ನೋಡಿ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಮೀನು ನೋಡಿ, ಆಮೇಲೆ ಹವಳ

ಏನೋ ಸರಿಯಿಲ್ಲ ಅನ್ನಿಸಿದ ಕೂಡಲೇ ಔಷಧಿ ಬಾಟಲಿ ಹುಡುಕಬೇಡಿ. ಮೀನಿನ ಮುಂದೆ ಎರಡು ನಿಮಿಷ ಕೂತು ಉಸಿರಾಟ ನೋಡಿ. ಹವಳ ಒಂದು ವಾರ ಮುದುಡಿದ್ದರೂ ಮತ್ತೆ ಅರಳಬಹುದು. ಆಮ್ಲಜನಕ ಸಾಲದಿದ್ದರೆ ಮೀನಿಗೆ ಅಷ್ಟು ಸಮಯ ಇರುವುದಿಲ್ಲ.

ಮೀನುಗಳು ಮೇಲೆ ಬಂದು, ಬಾಯಿ ತೆರೆದು, ಕಿವಿರು ಪಟಪಟ ಬಡಿಯುತ್ತಿದ್ದರೆ ಮೊದಲ ಕೆಲಸ ನೀರಿನ ಮೇಲ್ಮೈ ಕಲಕುವುದು. ವೇವ್‌ಮೇಕರಿನ (ಟ್ಯಾಂಕಿನೊಳಗೆ ನೀರು ಓಡಿಸುವ ಪಂಪ್) ಮುಖವನ್ನು ಮೇಲಕ್ಕೆ ತಿರುಗಿಸಿ, ಏರ್ ಪಂಪ್ ಇದ್ದರೆ ಹಾಕಿ. ಹತ್ತು ಹದಿನೈದು ನಿಮಿಷದಲ್ಲಿ ಉಸಿರು ತಹಬಂದಿಗೆ ಬಂದರೆ ಆಮ್ಲಜನಕದ ಕೊರತೆ ಅಂತ ಲೆಕ್ಕ. ಬರದಿದ್ದರೆ ಅಮೋನಿಯಾ ಅಳೆಯಿರಿ. ಕಿಟ್ಟಿನಲ್ಲಿ ಬಣ್ಣ ಕಂಡರೆ ಎಲ್ಲೋ ಏನೋ ಸತ್ತಿದೆ. ಬಸವನಹುಳುಗಳನ್ನು ಒಂದೊಂದಾಗಿ ಎತ್ತಿ ಮೂಸಿ ನೋಡಿ, ಸತ್ತ ಹುಳುವಿನ ವಾಸನೆ ತಡೆಯೋಕೆ ಆಗಲ್ಲ. ಕಲ್ಲಿನ ಹಿಂದೆ ಸಿಕ್ಕಿಬಿದ್ದು ಸತ್ತ ಒಂದು ಮೀನು ಸಾಕು, ಹೊಸ ಟ್ಯಾಂಕನ್ನು ಕೆಡಿಸೋಕೆ.

ಅಮೋನಿಯಾ ಇಲ್ಲದೆಯೂ ಉಸಿರಾಟ ಜೋರಾಗಿದ್ದರೆ ಮೀನಿನ ಮೈ ನೋಡಿ. ರವೆ ಕಾಳು ಅಂಟಿದಂತೆ ಬಿಡಿಬಿಡಿ ಬಿಳಿ ಚುಕ್ಕೆ ಇದ್ದರೆ ಅದು ಇಕ್ ಎಂಬ ರೋಗ. ಅರಿಸಿನ ಪುಡಿ ಸಣ್ಣಗೆ ಉದುರಿಸಿದಂತೆ ಕಂಡರೆ ವೆಲ್ವೆಟ್, ಅದು ತುಂಬ ಬೇಗ ಕೊಲ್ಲುತ್ತದೆ. ಎರಡಕ್ಕೂ ತಾಮ್ರದ ಔಷಧಿ ಇದೆ. ಆದರೆ ಅದನ್ನು ಹವಳದ ಟ್ಯಾಂಕಿಗೆ ಹಾಕಲೇಬಾರದು, ಸೀಗಡಿ, ಬಸವನಹುಳು, ಹವಳ ಎಲ್ಲ ಹೋಗುತ್ತವೆ. ಮೀನನ್ನು ಬೇರೆ ತೊಟ್ಟಿಗೆ ಹಾಕಿ ಅಲ್ಲಿ ಚಿಕಿತ್ಸೆ ಕೊಡಬೇಕು.

ಸೀಗಡಿಗಳು ಮಾತ್ರ ಒದ್ದಾಡಿ ಬಿದ್ದಿದ್ದರೆ ಮನೆಯವರನ್ನು ಕೇಳಿ: ಸೊಳ್ಳೆಗೆ, ಜಿರಲೆಗೆ ಏನಾದರೂ ಸ್ಪ್ರೇ ಹೊಡೆದಿರಾ? ಆ ಕೀಟನಾಶಕಗಳು ಏಡಿ ಸೀಗಡಿಗಳಿಗೆ ವಿಷ. ಸ್ಕಿಮ್ಮರ್ ಇಡೀ ದಿನ ಕೋಣೆಯ ಗಾಳಿಯನ್ನು ಎಳೆದು ನೀರಿಗೆ ಬೆರೆಸುತ್ತಿರುತ್ತದೆ ಅನ್ನೋದನ್ನ ನಾವು ಮರೆತುಬಿಡುತ್ತೇವೆ. ಮನೆಗೆ ಬಣ್ಣ ಬಳಿಯುವಾಗಲೂ ಇದೇ ತೊಂದರೆ. ಅಂಥ ದಿನ ಸ್ಕಿಮ್ಮರ್ ನಿಲ್ಲಿಸಿ, ಕಿಟಕಿ ತೆರೆದು, ಸಂಪಿನಲ್ಲಿ ಹೊಸ ಆಕ್ಟಿವೇಟೆಡ್ ಕಾರ್ಬನ್ ಚೀಲ ಇಡಿ.

ನಮ್ಮ ಮನೆಯಲ್ಲಿ ಅವತ್ತು ಇದ್ಯಾವುದೂ ಅಲ್ಲ. ಎರಡು ಕ್ಲೌನ್ ಮೀನುಗಳು ಆರಾಮಾಗಿ ಓಡಾಡಿಕೊಂಡಿದ್ದವು. ಉಷ್ಣಾಂಶ 26 ಡಿಗ್ರಿ, ಪಂಪುಗಳೆಲ್ಲ ಓಡುತ್ತಿದ್ದವು. ಅಂದರೆ ತುರ್ತು ಇಲ್ಲ, ಕೂತು ಯೋಚಿಸೋಕೆ ಸಮಯ ಇದೆ ಅಂತ ಅರ್ಥ. ನಾನು ಯೋಚಿಸಲಿಲ್ಲ, ನೇರ ಕಿಟ್ ತೆರೆದೆ.

ಮೂರು ಅಂಕಿ ಒಟ್ಟಿಗೆ ಇಳಿದರೆ

ಹದಿನೈದು ದಿನದ ಹಿಂದಿನ ಪುಟದಲ್ಲಿ ಹೀಗೆ ಬರೆದಿಟ್ಟಿದ್ದೆ: ಆಲ್ಕಲಿನಿಟಿ (ಆಮ್ಲವನ್ನು ತಡೆದುಕೊಳ್ಳುವ ಶಕ್ತಿ) 8.4 ಡಿಕೆಎಚ್ (ಅದನ್ನು ಅಳೆಯುವ ಮಾನ), ಕ್ಯಾಲ್ಸಿಯಂ 430 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ), ಮ್ಯಾಗ್ನೀಸಿಯಂ 1350, ಉಪ್ಪು 35 ಪಿಪಿಟಿ (ಸಾವಿರಕ್ಕೆ ಇಷ್ಟು ಭಾಗ). ಅವತ್ತು ಬಂದದ್ದು: ಆಲ್ಕಲಿನಿಟಿ 7.5, ಕ್ಯಾಲ್ಸಿಯಂ 380, ಮ್ಯಾಗ್ನೀಸಿಯಂ 1200. ಉಪ್ಪು ಅಳೆಯಲಿಲ್ಲ. ಮೊನ್ನೆ ಮೊನ್ನೆ ತಾನೇ ಸರಿಯಿತ್ತಲ್ಲ ಅಂತ ಬಿಟ್ಟೆ.

ಆಲ್ಕಲಿನಿಟಿ ಕಡಿಮೆಯಾಗಿದೆ, ಏರಿಸೋಣ ಅಂತ ಅಡುಗೆ ಸೋಡಾ ಕರಗಿಸಿ ಹಾಕಿದೆ. ಲೆಕ್ಕ ಸುಲಭ. 100 ಲೀಟರಿಗೆ 3 ಗ್ರಾಂ ಸೋಡಾ ಹಾಕಿದರೆ 1 ಡಿಕೆಎಚ್ ಏರುತ್ತದೆ, 600 ಲೀಟರಿಗೆ 18 ಗ್ರಾಂ. ದಿನಕ್ಕೆ ಅದಕ್ಕಿಂತ ಜಾಸ್ತಿ ಏರಿಸಬಾರದು. ಸೋಡಾ ಕರಗಿತು, ಅಂಕಿ ಏರಿತು, ಹವಳ ಮಾತ್ರ ಅರಳಲಿಲ್ಲ. ಮರುದಿನ ಕ್ಯಾಲ್ಸಿಯಂ ಹಾಕಿದೆ. ಆಗಲೂ ಇಲ್ಲ. ಲೈಟ್ ಕಡಿಮೆ ಮಾಡಿದೆ. ಲೆದರ್ ಕೋರಲನ್ನು ಎತ್ತಿ ಬೇರೆ ಕಡೆ ಇಟ್ಟೆ. ಹೀಗೆ ನಾಲ್ಕು ದಿನ ಹೋದವು.

ಐದನೇ ದಿನ ಮಂಗಳೂರಿನ ಗೆಳೆಯನಿಗೆ ಫೋನ್ ಮಾಡಿ ಅಂಕಿಗಳನ್ನು ಓದಿ ಹೇಳಿದೆ. ಅವನು ಎಷ್ಟೋ ವರ್ಷದಿಂದ ಉಪ್ಪುನೀರು ಸಾಕಿದವನು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಮ್ಯಾಗ್ನೀಸಿಯಂ ಎಂತಕ್ಕೆ ಇಳಿದದ್ದು ಮಾರಾಯ? ಅದನ್ನು ತಿನ್ನುವವರು ಯಾರಿದ್ದಾರೆ ನಿನ್ನ ಟ್ಯಾಂಕಿನಲ್ಲಿ?"

ಅಷ್ಟೇ ಸಾಕಾಯಿತು. ಮೆದು ಹವಳಕ್ಕೆ ಗಟ್ಟಿ ಹವಳದ ಹಾಗೆ ಸುಣ್ಣದ ಎಲುಬುಗೂಡು ಕಟ್ಟುವ ಕೆಲಸ ಇಲ್ಲ. ಕ್ಯಾಲ್ಸಿಯಂ ಬಳಕೆಯೇ ಕಮ್ಮಿ, ಮ್ಯಾಗ್ನೀಸಿಯಂ ಇನ್ನೂ ಕಮ್ಮಿ. ಹದಿನೈದು ದಿನದಲ್ಲಿ 150 ಪಿಪಿಎಂ ಮ್ಯಾಗ್ನೀಸಿಯಂ ಬಳಕೆಯಿಂದ ಇಳಿಯೋಕೆ ಸಾಧ್ಯವೇ ಇಲ್ಲ. ಪೆನ್ನು ಹಿಡಿದು ಲೆಕ್ಕ ಹಾಕಿದೆ. ಆಲ್ಕಲಿನಿಟಿ, ಕ್ಯಾಲ್ಸಿಯಂ, ಮ್ಯಾಗ್ನೀಸಿಯಂ ಮೂರೂ ಹೆಚ್ಚುಕಮ್ಮಿ ಶೇಕಡಾ 11 ಇಳಿದಿದ್ದವು. ಮೂರೂ ಒಂದೇ ಪ್ರಮಾಣದಲ್ಲಿ ಇಳಿದರೆ ಯಾರೂ ತಿಂದಿಲ್ಲ, ನೀರು ತೆಳ್ಳಗಾಗಿದೆ. ಸಾರಿಗೆ ನೀರು ಜಾಸ್ತಿಯಾದರೆ ಉಪ್ಪು ಹುಳಿ ಖಾರ ಎಲ್ಲ ಒಟ್ಟಿಗೆ ಸಪ್ಪೆಯಾಗುತ್ತಲ್ಲ, ಹಾಗೆ. ಉಪ್ಪು ಅಳೆದೆ. 31 ಇತ್ತು.

ಇದನ್ನು ದಯವಿಟ್ಟು ಗುರುತು ಮಾಡಿಟ್ಟುಕೊಳ್ಳಿ. ಆಲ್ಕಲಿನಿಟಿ ಒಂದೇ ಇಳಿದು ಉಳಿದೆರಡು ನಿಂತಿದ್ದರೆ ಅದು ಬಳಕೆ, ಇಲ್ಲವೇ ಸುಣ್ಣ ಕಟ್ಟಿ ಕೆಳಗೆ ಕೂತಿದೆ. ಮೂರೂ ಒಟ್ಟಿಗೆ ಇಳಿದರೆ, ಒಟ್ಟಿಗೆ ಏರಿದರೆ, ಮೊದಲು ಉಪ್ಪು ನೋಡಿ. ಅದು ಸರಿಯಾಗುವ ತನಕ ಬೇರೆ ಯಾವ ಅಂಕಿಗೂ ಕೈ ಹಾಕಬೇಡಿ.

ಉಪ್ಪು ಯಾಕೆ ಇಳಿಯಿತು? ಉತ್ತರ ಕ್ಯಾಬಿನೆಟ್ಟಿನ ಪಕ್ಕದಲ್ಲೇ ಇತ್ತು. ಟ್ಯಾಂಕಿನಿಂದ ದಿನಕ್ಕೆ 6 ಲೀಟರಿನಷ್ಟು ನೀರು ಆರಿ ಹೋಗುತ್ತದೆ. ಆರುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಆ ನೀರನ್ನು ತುಂಬಿಸೋಕೆ ಆಟೋ ಟಾಪ್ ಆಫ್ ಇದೆ. 40 ಲೀಟರಿನ ಕ್ಯಾನು, ಅದರೊಳಗೆ ಸಣ್ಣ ಪಂಪ್, ಸಂಪಿನಲ್ಲಿ ಮಟ್ಟ ನೋಡುವ ಸೆನ್ಸರ್. ಕ್ಯಾಬಿನೆಟ್ಟಿನಲ್ಲಿ ಜಾಗ ಸಾಲದೆ ಕ್ಯಾನನ್ನು ಹೊರಗೆ ಸ್ಟೂಲಿನ ಮೇಲೆ ಇಟ್ಟಿದ್ದೆ. ಅದರ ಟ್ಯೂಬಿನ ಬಾಯಿ ಕ್ಯಾಬಿನೆಟ್ಟಿನ ಮೇಲಂಚಿಗೆ, ಕ್ಯಾನಿನ ನೀರಿಗಿಂತ ಎತ್ತರದಲ್ಲಿ, ಕ್ಲಿಪ್ಪಿನಲ್ಲಿ ನಿಂತಿತ್ತು. ಸ್ಕಿಮ್ಮರಿನ ಕಪ್ ತೊಳೆಯೋಕೆ ತೆಗೆದಾಗ ಕೈ ತಗುಲಿ ಕ್ಲಿಪ್ ಬಿಟ್ಟುಕೊಂಡಿದೆ. ಟ್ಯೂಬ್ ಸಂಪಿನೊಳಗೆ ಜಾರಿದೆ. ಈಗ ಟ್ಯೂಬಿನ ಬಾಯಿ ಕ್ಯಾನಿನ ನೀರಿಗಿಂತ ಕೆಳಗೆ.

ಪಂಪ್ ಹತ್ತು ಸೆಕೆಂಡ್ ಓಡಿ ನಿಂತಿತು. ನೀರು ನಿಲ್ಲಲಿಲ್ಲ. ಡ್ರಮ್ಮಿನಿಂದ ಪೈಪಿನಲ್ಲಿ ಬಾಯಿಂದ ಎಳೆದು ನೀರು ಇಳಿಸುತ್ತೇವಲ್ಲ, ಅದೇ ರೀತಿ ಕ್ಯಾನಿನ ನೀರೆಲ್ಲ ಸಂಪಿಗೆ ಇಳಿಯಿತು. ಸೆನ್ಸರ್ ಪಾಪ ಪಂಪನ್ನು ನಿಲ್ಲಿಸಬಲ್ಲದೇ ಹೊರತು ಸೈಫನ್ ನಿಲ್ಲಿಸಲಾರದು.

ಇದು ಎರಡು ಸಲ ಆಗಿದೆ. ಎರಡು ಸಲವೂ ಕುರುಹು ನನ್ನ ಕಣ್ಣೆದುರೇ ಇತ್ತು. ಕ್ಯಾನ್ ಖಾಲಿಯಾಗಿತ್ತು. ಮಾರ್ಚ್ ಬಿಸಿಲು, ಫ್ಯಾನ್ ಓಡುತ್ತಿದೆ, ಬೇಗ ಆರಿದೆ ಅಂದುಕೊಂಡು ಮತ್ತೆ ತುಂಬಿಸಿದೆ. ಸಂಪ್ ತುಂಬಿತ್ತು. ಆ ವಾರ ಸಂಜೆ ಸಂಜೆ ಕರೆಂಟ್ ಹೋಗುತ್ತಿತ್ತು, ಮೇಲಿನ ನೀರು ಇಳಿದಿರಬೇಕು ಅಂದುಕೊಂಡು ಎರಡು ಬಕೆಟ್ ತೆಗೆದು ಚೆಲ್ಲಿದೆ. ಚೆಲ್ಲಿದ್ದು ಉಪ್ಪುನೀರು, ತುಂಬಿದ್ದು ಸಪ್ಪೆ ನೀರು. 600 ಲೀಟರಿಗೆ 40 ಲೀಟರ್ ಸೇರಿದರೆ 35 ಇದ್ದದ್ದು 33ರ ಹತ್ತಿರಕ್ಕೆ ಬರುತ್ತದೆ. ಚೆಲ್ಲಿ, ಇನ್ನೊಮ್ಮೆ ಸೇರಿದರೆ 31. ಲೆಕ್ಕ ಪೂರ್ತಿ ಕೂಡಿತು.

ಸರಿ ಮಾಡಿದ್ದು ಹೀಗೆ. ಟ್ಯೂಬಿನ ಬಾಯಿಯನ್ನು ಮತ್ತೆ ಮೇಲಕ್ಕೆ ಏರಿಸಿ, ಕ್ಲಿಪ್ಪಿನ ಬದಲು ಸ್ಕ್ರೂ ಹಾಕಿ ಬಿಗಿದೆ. ಟ್ಯೂಬ್ ಬಾಗುವ ಅತಿ ಎತ್ತರದ ಜಾಗದಲ್ಲಿ, ಸಂಪಿನ ಮೇಲೆ ಬರುವ ಹಾಗೆ, ಒಂದು ಸಣ್ಣ ತೂತು ಕೊರೆದೆ. ಪಂಪ್ ನಿಂತರೆ ಅಲ್ಲಿಂದ ಗಾಳಿ ಒಳಗೆ ಹೋಗಿ ಸೈಫನ್ ಕಡಿಯುತ್ತದೆ. ಕ್ಯಾನನ್ನು ಸ್ಟೂಲಿನಿಂದ ಇಳಿಸಿ ನೆಲಕ್ಕೇ ಇಟ್ಟೆ. ಉಪ್ಪನ್ನು ಒಂದೇ ಸಲಕ್ಕೆ ಏರಿಸಲಿಲ್ಲ. ಆರುವ 6 ಲೀಟರಿನ ಜಾಗಕ್ಕೆ ಸಪ್ಪೆ ನೀರಿನ ಬದಲು 35 ಪಿಪಿಟಿಯ ಉಪ್ಪುನೀರನ್ನೇ ಕೈಯಾರೆ ಹಾಕುತ್ತಾ ಬಂದೆ. ದಿನಕ್ಕೆ ಹತ್ತಿರಹತ್ತಿರ 0.35 ಏರುತ್ತದೆ, ಹನ್ನೊಂದು ಹನ್ನೆರಡು ದಿನದಲ್ಲಿ 4 ತುಂಬುತ್ತದೆ. ನಿಧಾನ ಅನ್ನಿಸಬಹುದು. ಆದರೆ ಒಮ್ಮೆ ಏಟು ತಿಂದ ಜೀವಗಳಿಗೆ ಎರಡನೇ ಏಟು ಕೊಡೋದು ಯಾಕೆ, ಅಲ್ವಾ?

ಅಳತೆಗೋಲೇ ತಪ್ಪಿದ್ದರೆ

31 ಅಂತ ಕಂಡಾಗ ನಾನು ಅದನ್ನೂ ತಕ್ಷಣ ನಂಬಲಿಲ್ಲ. ಉಪ್ಪು ಅಳೆಯುವ ರಿಫ್ರಾಕ್ಟೋಮೀಟರನ್ನು ತುಂಬ ಜನ ಆರ್‌ಒ ನೀರಿಟ್ಟು ಸೊನ್ನೆಗೆ ಹೊಂದಿಸುತ್ತಾರೆ. ಸೊನ್ನೆಯಲ್ಲಿ ಸರಿ ತೋರಿಸುವ ಮೀಟರ್ 35ರಲ್ಲೂ ಸರಿ ತೋರಿಸಬೇಕು ಅಂತಿಲ್ಲ. ಅಗ್ಗದ ಮೀಟರುಗಳಲ್ಲಿ ಬಹಳಷ್ಟು ಅಡುಗೆ ಉಪ್ಪಿನ ದ್ರಾವಣಕ್ಕೆ ಮಾಡಿದವು, ಸಮುದ್ರದ ನೀರಿಗಲ್ಲ. ಆ ಎರಡರ ನಡುವೆ ಒಂದೂವರೆ ಪಿಪಿಟಿಯಷ್ಟು ವ್ಯತ್ಯಾಸ ಬರುತ್ತದೆ. 35 ಪಿಪಿಟಿಯ ಕ್ಯಾಲಿಬ್ರೇಶನ್ ದ್ರಾವಣ ಸಣ್ಣ ಬಾಟಲಿಯಲ್ಲಿ ಸಿಗುತ್ತದೆ. ಅದರಿಂದಲೇ ಹೊಂದಿಸಿ. ಬಾಟಲಿಯ ಮುಚ್ಚಳ ಸಡಿಲವಿದ್ದರೆ ನೀರು ಆರಿ ದ್ರಾವಣವೇ ಗಟ್ಟಿಯಾಗಿರುತ್ತದೆ, ಅದನ್ನೂ ನೋಡಿ. ತೂಕದ ಲೆಕ್ಕದಲ್ಲಿ ಅಳೆಯುವ ಹೈಡ್ರೋಮೀಟರ್ ಆದರೆ 25 ಡಿಗ್ರಿಯಲ್ಲಿ 1.026 ಬರಬೇಕು.

ಟೆಸ್ಟ್ ಕಿಟ್ಟಿಗೂ ಇದೇ ಮಾತು. ಅವಧಿ ಮುಗಿದ ರೀಏಜೆಂಟ್ ಸುಳ್ಳು ಹೇಳುತ್ತದೆ. ಅನುಮಾನ ಬಂದರೆ ಹೊಸದಾಗಿ ಕಲಸಿದ ಉಪ್ಪುನೀರನ್ನು ಅಳೆದು ನೋಡಿ, ಉಪ್ಪಿನ ಡಬ್ಬಿಯ ಮೇಲೆ ಬರೆದ ಅಂಕಿಗೆ ಹತ್ತಿರ ಬರಬೇಕು. ಹೊಸ ಟ್ಯಾಂಕಿನಲ್ಲಿ ನೈಟ್ರೈಟ್ ಇನ್ನೂ ಇದ್ದರೆ ನೈಟ್ರೇಟ್ ಕಿಟ್ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ, ಅದಕ್ಕೆ ಗಾಬರಿಯಾಗಬೇಡಿ.

ನೀರು ಬರುವ ದಾರಿ

ಹೊಸದಾಗಿ ಟ್ಯಾಂಕ್ ಇಟ್ಟವರು ನನ್ನನ್ನು ಜಾಸ್ತಿ ಕೇಳುವುದು ಪಾಚಿಯ ಬಗ್ಗೆ. ನಾನು ತಿರುಗಿ ಕೇಳುವುದು ನೀರಿನ ಬಗ್ಗೆ. "ಆರ್‌ಒ ನೀರೇ ಹಾಕ್ತೀನಿ" ಅನ್ನುತ್ತಾರೆ. ಯಾವ ಆರ್‌ಒ? ಅಡುಗೆಮನೆ ಗೋಡೆಗೆ ನೇತು ಹಾಕಿದ ಕುಡಿಯುವ ನೀರಿನ ಯಂತ್ರ. ಅದರಲ್ಲಿ ರುಚಿಗೋಸ್ಕರ ಸ್ವಲ್ಪ ಹಸಿ ನೀರನ್ನೋ ಖನಿಜವನ್ನೋ ಮತ್ತೆ ಬೆರೆಸುವ ಏರ್ಪಾಡು ಇರುತ್ತದೆ. ನೀರಿನಲ್ಲಿ ಕರಗಿದ್ದನ್ನು ಅಳೆಯುವ ಟಿಡಿಎಸ್ ಮೀಟರ್ ಇಟ್ಟರೆ 50, 80 ತೋರಿಸುತ್ತದೆ. ನಮಗೆ ಕುಡಿಯೋಕೆ ಒಳ್ಳೆಯದು, ಟ್ಯಾಂಕಿಗೆ ಅಲ್ಲ. ದಿನಕ್ಕೆ 6 ಲೀಟರ್ ಆರಿದರೆ ವರ್ಷಕ್ಕೆ 2000 ಲೀಟರಿಗೂ ಜಾಸ್ತಿ. ಅದರಲ್ಲಿನ ನೈಟ್ರೇಟ್, ಫಾಸ್ಫೇಟ್, ಸಿಲಿಕಾ ಎಲ್ಲವೂ ಟ್ಯಾಂಕಿನಲ್ಲೇ ಉಳಿದು ಸೇರುತ್ತಾ ಹೋಗುತ್ತವೆ.

ಟ್ಯಾಂಕಿಗೆಂದೇ ಇಟ್ಟ ನೀರಿನ ಯಂತ್ರದಲ್ಲಿ ಮೀಟರನ್ನು ಮೂರು ಕಡೆ ಇಟ್ಟು ನೋಡಿ. ನಮ್ಮ ಬೋರ್‌ವೆಲ್ ನೀರು 780. ಮೆಂಬ್ರೇನ್ ದಾಟಿದ ಮೇಲೆ 31. ಉಳಿದ ಲವಣಗಳನ್ನೂ ಹಿಡಿದಿಡುವ ಡಿಐ ರೆಸಿನ್ ದಾಟಿದ ಮೇಲೆ 0. ನಡುವಿನ ಅಂಕಿ 90ಕ್ಕೆ ಏರಿದರೆ ಮೆಂಬ್ರೇನ್ ಹಳತಾಗಿದೆ, ಇಲ್ಲವೇ ಒತ್ತಡ ಸಾಲುತ್ತಿಲ್ಲ. ನಮ್ಮಲ್ಲಿ ಜಾಸ್ತಿ ಇರುವುದು ಒತ್ತಡದ ತೊಂದರೆಯೇ. ಓವರ್‌ಹೆಡ್ ಟ್ಯಾಂಕ್ 10 ಮೀಟರ್ ಮೇಲಿದ್ದರೂ ನಲ್ಲಿಯಲ್ಲಿ ಸಿಗುವುದು 14 ಪಿಎಸ್‌ಐ. ಮೆಂಬ್ರೇನಿಗೆ ಬೇಕಾದ್ದು 50, 60. ಬೂಸ್ಟರ್ ಪಂಪ್ ಇಲ್ಲದೆ ಆಗಲ್ಲ.

ಕೊನೆಯ ಅಂಕಿ 0ಯಿಂದ 1 ಆದ ದಿನವೇ ರೆಸಿನ್ ಬದಲಿಸಿ. ರೆಸಿನ್ ದಣಿದಾಗ ಮೊದಲು ತಪ್ಪಿಸಿಕೊಂಡು ಬರುವುದು ಸಿಲಿಕಾ, ಅದು ಮೀಟರಿಗೆ ಸರಿಯಾಗಿ ಕಾಣುವುದೂ ಇಲ್ಲ. ಹಾಗೆಯೇ ಯಂತ್ರ ಶುರು ಮಾಡಿದ ಮೊದಲ ಕೆಲವು ಲೀಟರ್ ನೀರನ್ನು ರೆಸಿನ್ನಿಗೆ ಬಿಡದೆ ಗಿಡಕ್ಕೆ ಹಾಕಿ. ನಿಂತ ಮೆಂಬ್ರೇನಿನಿಂದ ಮೊದಲು ಬರುವ ನೀರು ಕೆಟ್ಟದ್ದೇ. ಅಪಾರ್ಟ್‌ಮೆಂಟಿನಲ್ಲಿ ಸಾಫ್ಟ್‌ನರ್ ಇದೆ ಅಂತ ನೆಮ್ಮದಿ ಬೇಡ. ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಹಾಕುತ್ತದೆ ಅಷ್ಟೇ. ಮೆಂಬ್ರೇನಿಗೆ ಒಳ್ಳೆಯದು ನಿಜ, ಟಿಡಿಎಸ್ ಮಾತ್ರ ಇದ್ದಲ್ಲೇ ಇರುತ್ತದೆ.

ಪಾಚಿಯ ಬಣ್ಣ, ಪಾಚಿಯ ಹೊತ್ತು

ಮರಳಿನ ಮೇಲೆ ಕಂದು ಪುಡಿ ಹರಡಿದಂತಿದ್ದು, ಬೆರಳಾಡಿಸಿದರೆ ಹೊಗೆಯಂತೆ ಎದ್ದರೆ ಡಯಾಟಮ್. ಮೊದಲ ಎರಡು ತಿಂಗಳಲ್ಲಿ ಎಲ್ಲರ ಟ್ಯಾಂಕಿಗೂ ಬರುತ್ತದೆ, ತಾನಾಗಿ ಹೋಗುತ್ತದೆ. ಹೋಗದಿದ್ದರೆ ಸಿಲಿಕಾ ಬರುತ್ತಿದೆ, ಮತ್ತೆ ರೆಸಿನ್ ನೋಡಿ. ಕೆಂಪು ಅಥವಾ ನೇರಳೆ ಹಾಳೆಯಂತೆ ಹಬ್ಬಿ, ಹಾಲಿನ ಕೆನೆಯ ಹಾಗೆ ಒಂದೇ ತುಂಡಾಗಿ ಎದ್ದು ಬಂದರೆ ಸಯನೋ. ಉದ್ದ ಹಸಿರು ಕೂದಲಾದರೆ ಫಾಸ್ಫೇಟ್ ಜಾಸ್ತಿ. ಕಿಟ್ಟಿನಲ್ಲಿ ಸೊನ್ನೆ ಬಂದರೂ ನಂಬಬೇಡಿ, ನೀರಿಗೆ ಬಂದಷ್ಟನ್ನೂ ಪಾಚಿಯೇ ಹೀರಿಕೊಂಡಿರುತ್ತದೆ. ಕೈಯಿಂದ ಕಿತ್ತು, ಊಟ ಕಡಿಮೆ ಮಾಡಿ, ಬಸವನಹುಳು ಬಿಡಿ.

ಇವುಗಳಲ್ಲಿ ಜನ ಸೋಲುವುದು ಡೈನೋ ಮುಂದೆ. ಸಿಂಬಳದಂಥ ಕಂದು ದಾರ, ತುದಿಯಲ್ಲಿ ಗಾಳಿಗುಳ್ಳೆ. ಬೆಳಿಗ್ಗೆ ಕಮ್ಮಿ, ಸಂಜೆಗೆ ಜಾಸ್ತಿ, ರಾತ್ರಿ ಮತ್ತೆ ಮಾಯ. ಅನುಮಾನವಿದ್ದರೆ ಸ್ವಲ್ಪ ಎಳೆದು ಬಾಟಲಿಗೆ ಹಾಕಿ ಚೆನ್ನಾಗಿ ಕುಲುಕಿ. ದಪ್ಪ ಟಿಶ್ಯೂ ಪೇಪರಿನಲ್ಲಿ ಸೋಸಿ, ಸೋಸಿದ ನೀರನ್ನು ಬೆಳಕಿನಲ್ಲಿ ಒಂದು ಗಂಟೆ ಬಿಡಿ. ಚೂರುಗಳು ಮತ್ತೆ ಕೂಡಿ ಉಂಡೆಯೋ ದಾರವೋ ಆದರೆ ಅದು ಡೈನೋ. ಇದು ಹೆಚ್ಚಾಗಿ ಬರುವುದು ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಗೆ ಇಳಿದ, ಅತಿ ಚೊಕ್ಕವಾದ ಟ್ಯಾಂಕಿಗೆ. ಕೂದಲು ಪಾಚಿ ಅಂತ ತಿಳಿದು ಫಾಸ್ಫೇಟ್ ತೆಗೆಯುವ ಪುಡಿ ಹಾಕಿದರೆ ಇನ್ನೂ ಹಬ್ಬುತ್ತದೆ. ಇಲ್ಲಿ ಮಾಡಬೇಕಾದ್ದು ಉಲ್ಟಾ: ಆ ಪುಡಿ ತೆಗೆದು, ಊಟ ಸ್ವಲ್ಪ ಜಾಸ್ತಿ ಮಾಡಿ, ನೈಟ್ರೇಟ್ 5ರ ಸುತ್ತ, ಫಾಸ್ಫೇಟ್ 0.05ರಿಂದ 0.1ರ ಒಳಗೆ ನಿಲ್ಲಿಸುವುದು.

ನೀರೆಲ್ಲ ಹಾಲಿನಂತಾದರೆ ಹೆಚ್ಚಾಗಿ ಎರಡು ಸಾಧ್ಯತೆ. ಒಂದು, ಬ್ಯಾಕ್ಟೀರಿಯಾ ಹೆಚ್ಚಿದೆ. ಗಾಳಿ ಚೆನ್ನಾಗಿ ಕೊಟ್ಟು ಕಾದರೆ ತಿಳಿಯಾಗುತ್ತದೆ. ಇನ್ನೊಂದು, ಸೋಡಾ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ಹಾಕಿ ಸುಣ್ಣ ಕಟ್ಟಿದೆ. ಪಂಪಿನ ಮೇಲೆ ಬಿಳಿ ಪುಡಿ ಕೂತಿದ್ದರೆ ಅದರ ಮೇಲೆ ಒಂದು ಹನಿ ವಿನೆಗರ್ ಬಿಡಿ. ಬುಸುಬುಸು ಅಂದರೆ ಸುಣ್ಣವೇ.

ಕರೆಂಟ್ ಹೋದಾಗ

ಟ್ಯಾಂಕ್ ಹೊಂದಿಸಿದ ದಿನವೇ, ಮೀನು ಬಿಡುವ ಮೊದಲೇ, ಮೇನ್ ಸ್ವಿಚ್ ಆರಿಸಿ ನೋಡಿ. ರಿಟರ್ನ್ ಪೈಪಿನ ಬಾಯಿ ಮೇಲ್ಮೈಯಿಂದ 3 ಸೆಂಟಿಮೀಟರ್ ಕೆಳಗಿದ್ದರೆ ಪಂಪ್ ನಿಂತ ಕೂಡಲೇ ಅಷ್ಟು ನೀರು ಹಿಂದಕ್ಕೆ ಇಳಿಯುತ್ತದೆ. ನನ್ನ ಅಳತೆಯ ಟ್ಯಾಂಕಿನಲ್ಲಿ ಒಂದು ಸೆಂಟಿಮೀಟರ್ ಅಂದರೆ 9 ಲೀಟರ್, ಮೂರಕ್ಕೆ 27. ಸಂಪಿನಲ್ಲಿ ಅಷ್ಟು ಜಾಗ ಇಲ್ಲದಿದ್ದರೆ ಹಾಲ್ ತುಂಬ ಉಪ್ಪುನೀರು. ಪೈಪಿನಲ್ಲಿ ಮೇಲ್ಮೈಗೆ ಸರಿಯಾಗಿ ಸಣ್ಣ ತೂತು ಕೊರೆಯಿರಿ, ಅದು ಪಾಚಿ ಕಟ್ಟಿ ಮುಚ್ಚದ ಹಾಗೆ ತಿಂಗಳಿಗೊಮ್ಮೆ ಕಡ್ಡಿ ಆಡಿಸಿ. ಪಂಪ್ ಓಡುವಾಗಿನ ಮಟ್ಟಕ್ಕೂ ನಿಂತಾಗಿನ ಮಟ್ಟಕ್ಕೂ ಸಂಪಿನ ಗಾಜಿನ ಮೇಲೆ ಮಾರ್ಕರಿನಲ್ಲಿ ಎರಡು ಗೆರೆ ಎಳೆಯಿರಿ. ಆ ಗೆರೆ ನನ್ನ ಸಂಪಿನಲ್ಲಿ ಇದ್ದಿದ್ದರೆ, ಆ 40 ಲೀಟರ್ ಮೇಲಿಂದ ಇಳಿದದ್ದಲ್ಲ ಅಂತ ಮೊದಲ ದಿನವೇ ಗೊತ್ತಾಗುತ್ತಿತ್ತು.

ಇನ್ವರ್ಟರ್ ಇದ್ದರೂ ಪಂಪ್ ಗುಂಯ್ ಅನ್ನುತ್ತಾ ತಿರುಗದೆ ಬಿಸಿಯಾಗುತ್ತಿದ್ದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್. ಎಸಿ ಪಂಪುಗಳಿಗೆ ಸೈನ್ ವೇವ್ ಬೇಕು. ಅದು ಆಗದಿದ್ದರೆ ಬ್ಯಾಟರಿಯ ಏರ್ ಪಂಪ್ ಒಂದನ್ನು ತಂದಿಡಿ. ಅದೊಂದೇ ಎಷ್ಟೋ ಮೀನುಗಳ ಜೀವ ಉಳಿಸುತ್ತದೆ.

ಬಿಸಿಯ ವಿಷಯ ಬೇಗ ಮುಗಿಸುತ್ತೇನೆ. ಬೆಂಗಳೂರಿನ ಒಣ ಗಾಳಿಯಲ್ಲಿ ನೀರಿನ ಮೇಲೆ ಫ್ಯಾನ್ ಬಿಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಮಂಗಳೂರಿನ ಸೆಕೆಯಲ್ಲಿ ನೀರು ಆರುವುದೇ ಕಷ್ಟ, ಅಲ್ಲಿ ಚಿಲ್ಲರ್ ಬೇಕು. ಪಿಎಚ್ 7.8ಕ್ಕಿಂತ ಕೆಳಗೇ ನಿಂತಿದ್ದರೆ ಒಂದು ಲೋಟ ಟ್ಯಾಂಕ್ ನೀರನ್ನು ಬಾಲ್ಕನಿಗೆ ಒಯ್ದು ಏರ್ ಪಂಪಿನಿಂದ ಒಂದು ಗಂಟೆ ಗಾಳಿ ಕೊಟ್ಟು ಮತ್ತೆ ಅಳೆಯಿರಿ. ಏರಿದರೆ ದೋಷ ನೀರಿನದಲ್ಲ, ಕಿಟಕಿ ಮುಚ್ಚಿದ ಕೋಣೆಯ ಗಾಳಿಯದು. ಯಾವ ಬಾಟಲಿಯೂ ಬೇಡ, ಕಿಟಕಿ ತೆರೆಯಿರಿ.

ಕೈಗೆ ಜುಮ್ ಅಂದರೆ

ನೀರಿಗೆ ಕೈ ಇಟ್ಟಾಗ ಜುಮ್ ಅಂದರೆ ಆ ಕ್ಷಣ ಕೈ ತೆಗೆದು ಮೇನ್ ಆರಿಸಿ. ಇದರಲ್ಲಿ ನೋಡೋಣ ಅನ್ನುವ ಮಾತಿಲ್ಲ. ಎಲ್ಲ ಪ್ಲಗ್ ಕಿತ್ತ ಮೇಲೆ ಹೀಟರಿನ ಗಾಜು ಬಿರಿದಿದೆಯಾ, ಪಂಪಿನ ವೈರ್ ಕೊರೆದಿದೆಯಾ ನೋಡಿ. ಟ್ಯಾಂಕಿನ ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆರುವ ಸ್ವಿಚ್) ಇರಲೇಬೇಕು. ಅದು ಇದ್ದರೆ ದೋಷ ಹುಡುಕುವುದೂ ಸುಲಭ. ನೀರು ಮುಟ್ಟದೆ ಒಂದೊಂದೇ ಪ್ಲಗ್ ಹಾಕುತ್ತಾ ಹೋಗಿ, ಯಾವುದಕ್ಕೆ ಟ್ರಿಪ್ ಆಗುತ್ತದೋ ಅದೇ ಕಳ್ಳ. ಪ್ರತಿ ವೈರೂ ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಆಮೇಲೆ ಮೇಲೇರಬೇಕು. ಹಾಗಿದ್ದರೆ ವೈರಿನ ಮೇಲೆ ಹರಿದ ನೀರು ಸಾಕೆಟ್ಟಿಗೆ ಹೋಗದೆ ಕೆಳಗೇ ತೊಟ್ಟಿಕ್ಕುತ್ತದೆ. ಅರ್ಥಿಂಗ್ ಸರಿಯಿದೆಯಾ ಅಂತ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ.

ಒಂದೇ ಹವಳ ಮುದುಡಿದ್ದರೆ

ಎಲ್ಲವೂ ಅರಳಿದ್ದು ಒಂದೇ ಮುದುಡಿದ್ದರೆ ನೀರನ್ನು ಬಿಡಿ, ಅದರ ಸುತ್ತ ನೋಡಿ. ವೇವ್‌ಮೇಕರ್ ನೇರ ಮುಖಕ್ಕೆ ಹೊಡೆಯುತ್ತಿದೆಯಾ? ಹರ್ಮಿಟ್ ಏಡಿ ಮೇಲೆ ಹತ್ತಿ ಕೂರುತ್ತಿದೆಯಾ? ಝೋವಾ ಆದರೆ ರಾತ್ರಿ ಟಾರ್ಚ್ ಹಿಡಿದು ನೋಡಿ. ಅದನ್ನೇ ತಿಂದು ಅದರದೇ ಬಣ್ಣ ಪಡೆಯುವ, ಚಿಪ್ಪಿಲ್ಲದ ಬಸವನಹುಳುವಿನಂಥ ಸಣ್ಣ ನ್ಯೂಡಿಬ್ರಾಂಕ್‌ಗಳು ಹಗಲು ಕಣ್ಣಿಗೆ ಬೀಳುವುದಿಲ್ಲ.

ಲೆದರ್ ಕೋರಲಿನದು ಬೇರೆಯೇ ಕಥೆ. ಅದು ಆಗಾಗ ನಾಲ್ಕೈದು ದಿನ ಮುದುಡಿ, ಮೈಮೇಲೆ ಮೇಣದಂಥ ಪೊರೆ ಕಟ್ಟಿಕೊಳ್ಳುತ್ತದೆ. ಆಮೇಲೆ ಆ ಪೊರೆ ಕಳಚಿ ಹೊಸದಾಗಿ ಅರಳುತ್ತದೆ. ಅದು ರೋಗವಲ್ಲ. ಪೊರೆ ಕಳಚಲು ನೀರಿನ ಓಟ ಸ್ವಲ್ಪ ಜಾಸ್ತಿ ಮಾಡಿ ಸುಮ್ಮನಿರಿ, ಸಾಕು. ಮೈ ಕಪ್ಪಾಗಿ, ಕೊಳೆತ ವಾಸನೆ ಬಂದರೆ ಮಾತ್ರ ಚಿಂತೆ. ಆಗ ಕೊಳೆತ ಭಾಗವನ್ನು ಚೂಪಾದ ಬ್ಲೇಡಿನಿಂದ ಕತ್ತರಿಸಿ ತೆಗೆಯಬೇಕು.

ನನ್ನದು ಉಪ್ಪು 33 ದಾಟಿದ ದಿನ ಪೊರೆ ಬಿಟ್ಟಿತು. ಮಾಸಿದ ಹಾಳೆಯಂತೆ ಅಂಚಿನಿಂದ ಎದ್ದು, ಅರ್ಧ ದಿನ ಅಲ್ಲೇ ಜೋತಾಡಿ, ಸಂಜೆ ಹೊತ್ತಿಗೆ ಸೋಸುವ ಸಾಕ್ಸಿಗೆ ಬಂದು ಬಿತ್ತು. ಮರುದಿನ ಬೆಳಿಗ್ಗೆ ನೋಡಿದರೆ ಕೊಡೆಯ ಒಂದು ಅಂಚಿನಲ್ಲಿ ಏಳೆಂಟು ಬೆರಳು ಹೊರಗೆ ಬಂದಿದ್ದವು. ಝೋವಾಗಳು ಅದಕ್ಕೂ ಎರಡು ದಿನ ಮೊದಲೇ ಅರಳಿದ್ದವು. ಮಂಗಳೂರಿಗೆ ಫೋಟೋ ಕಳಿಸಿದೆ. "ಉಪ್ಪು ಅಳೆದೆಯಾ?" ಅಂತ ಒಂದೇ ಸಾಲು ಉತ್ತರ ಬಂತು. ಅಳೆದಿದ್ದೆ.